ಹಿಮ್ಮುಖದ ಎಂಜಿನ್ನೂ ನನ್ನ ದಿಬ್ಬಣವೂ

ಹರಿಹರ
೧೨ ಮೇ ೧೯೬೮

ಡ್ರೈವರ್ ಚಾಂದ್ ಪಾಷಾ ಸಾಹೇಬರಿಗೆ,

ಹೊನ್ನಕ್ಕನ ನಮಸ್ಕಾರ. ಯಾವ ಹೊನ್ನಕ್ಕ ಎಂದು ತಲೆ ಕೆರೆದುಕೊಳ್ಳಬೇಡಿ. ಹನ್ನೊಂದು ವರ್ಷದ ಹಿಂದೆ ದಾವಣಗೆರೆ ಸ್ಟೇಷನ್ನಿನಲ್ಲಿ ನಿಮ್ಮ ಎಂಜಿನ್ ನೋಡಿ, ರೈಲು ಹತ್ತುವುದೇ ಇಲ್ಲವೆಂದು ಹಟ ಹಿಡಿದ ಶಾಮನೂರಿನ ದಿಬ್ಬಣ ನೆನಪಿದೆಯೇ? ಅದರ ಮದುಮಗಳು ನಾನು. ಈ ತಿಂಗಳು ನೀವು ನಿವೃತ್ತರಾಗುತ್ತೀರಂತೆ, ನಮ್ಮ ಯಜಮಾನರು ಕೇಳಿಕೊಂಡು ಬಂದರು. ಇನ್ನೂ ತಡ ಮಾಡಿದರೆ ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿದೀತೆಂದು ಬರೆಯುತ್ತಿದ್ದೇನೆ.

ಆ ಬೆಳಿಗ್ಗೆ ನಿಮ್ಮ ಎಂಜಿನ್ ಹಿಮ್ಮುಖವಾಗಿ ನಿಂತಿತ್ತು. ಚಿಮಣಿ ನಮ್ಮ ಡಬ್ಬಿಯ ಕಡೆಗೆ, ಕಲ್ಲಿದ್ದಲು ತುಂಬಿದ ಬೆನ್ನು ಹರಿಹರದ ಕಡೆಗೆ. ನನ್ನ ಅಜ್ಜಿ ಉಚ್ಚೆಂಗೆಮ್ಮ ಪ್ಲಾಟ್‌ಫಾರ್ಮಿನ ಮೇಲೆ ಕೂತೇಬಿಟ್ಟಳು. "ಬೆನ್ನು ಮುಂದೆ ಮಾಡ್ಕಂಡು ಹೋಗೋ ಗಾಡ್ಯಾಗೆ ಮದುಮಗಳ್ನ ಕಳಿಸಿದ್ರೆ ಆಕಿ ಹೋದ ದಾರೀಲೇ ವಾಪಸ್ ಬರ್ತಾಳೆ. ಬ್ಯಾಡಂದ್ರೆ ಬ್ಯಾಡ!" ಹಿಂದಿನ ವರ್ಷ ಹಲ್ಲಿ ಲೊಚಗುಟ್ಟಿತೆಂದು ನನಗೆ ಕೂಡಿಬಂದಿದ್ದ ಸಂಬಂಧವನ್ನು ಮುರಿದವಳೂ ಇವಳೇ. ಮುಹೂರ್ತಕ್ಕೆ ಎರಡು ಗಂಟೆಯೂ ಉಳಿದಿರಲಿಲ್ಲ, ಮುಂದಿನ ಗಾಡಿ ಮಧ್ಯಾಹ್ನಕ್ಕೆ. ಈ ಮದುವೆಯೂ ಕೈತಪ್ಪಿತೆಂದೇ ಅಂದುಕೊಂಡೆ.

ಎಂಜಿನ್ನಿಗೆ ನೀರು ತುಂಬಿಸುತ್ತಿದ್ದ ನೀವು ಗಲಾಟೆ ಕೇಳಿ ಇಳಿದು ಬಂದಿರಿ. ಮುಖವೆಲ್ಲ ಮಸಿ, ಮಸಿಯ ನಡುವೆ ನಗು. ಬಂದವರೇ ಅಜ್ಜಿಗೆ ಪಾಠ ಶುರು ಮಾಡಿದಿರಿ. "ಮೊದ್ಲಿನ ಎಂಜಿನ್‌ಗೆ ನೀರು, ಕಲ್ಲಿದ್ಲು ಹೊರಾಕೆ ಹಿಂದೆ ಬ್ಯಾರೆ ಬಂಡಿ ಇರ್ತಿತ್ತಜ್ಜಿ. ಊರು ಮುಟ್ಟಿದ ಮ್ಯಾಲೆ ಅಷ್ಟೂ ತಿರುಗಿಸ್ಬೇಕು. ಇದು ಟ್ಯಾಂಕ್ ಎಂಜಿನ್ನು. ನೀರು ಪಕ್ಕೆಯಾಗೆ, ಕಲ್ಲಿದ್ಲು ಬೆನ್ನಾಗೆ, ಎಲ್ಲಾ ತನ್ನ ಮೈಮ್ಯಾಲೇ ಐತೆ. ಯಾವ ಕಡಿ ಓಡಿಸಿದ್ರೂ ಒಂದೇ. ನಾನು ಕೆಲಸಕ್ಕೆ ಸೇರ್ದಾಗ ಇದ್ದ ಇಂಥದೇ ಎಂಜಿನ್ನಿನ ನೀರಿನ ಟ್ಯಾಂಕು ಇದರ ಅರ್ಧ, ಸ್ಟೇಷನ್ನಿಗೊಂದ್ಸಲ ನೀರು ಕೇಳೋದು."

"ಅದೆಲ್ಲಾ ಸರಿ, ಇದರ ಮುಖ ಎಲ್ಲೈತೆ ತೋರ್ಸು" ಎಂದಳು ಅಜ್ಜಿ. ನೀವು ಎಂಜಿನ್ನಿನ ಆ ತುದಿ ಈ ತುದಿ ನೋಡಿ ತಲೆ ಕೆರೆದುಕೊಂಡಿರಿ. ಅಷ್ಟರಲ್ಲಿ ಗಾರ್ಡ್ ಸೀಟಿ ಊದಿದ. ನೀವು ಒಂದು ಹೆಜ್ಜೆ ಹೋದವರು ನಿಂತು, ಸೆರಗಿನೊಳಗೆ ತಲೆ ತಗ್ಗಿಸಿದ್ದ ನನ್ನ ಕಡೆ ತಿರುಗಿದಿರಿ. "ಏನವ್ವ, ಮದುವಿ ನಿಂದು. ನೀನೇನಂತಿ?"

"ಹೋಗಾನ್ರಿ!" ಎಂದೆ. ಓಲಗದವರೂ ತಿರುಗಿ ನೋಡುವಷ್ಟು ಜೋರಾಗಿ ಎಂದಿದ್ದೆ.

ಅಜ್ಜಿ ನನ್ನನ್ನೇ ನೋಡಿದಳು. ಸೀರೆ ಕೊಡವಿಕೊಂಡು ಎದ್ದಳು. ಕುಂಕುಮದ ಭರಣಿ ಹಿಡಿದು ಎಂಜಿನ್ನಿನ ಆ ತುದಿಗೆ ನಡೆದು, ಕಲ್ಲಿದ್ದಲಿನ ಬೆನ್ನಿಗೇ ಅಂಗೈಯಗಲದ ಕುಂಕುಮ ಬಳಿದಳು. "ಕುಂಕುಮ ಇಟ್ಟ ಕಡಿನೇ ಮುಖ. ಹತ್ರಿ ಎಲ್ರೂ, ಯಾಕ ನಿಂತೀರಿ!"

ಮುಹೂರ್ತಕ್ಕೆ ಸರಿಯಾಗಿ ಹರಿಹರ ಮುಟ್ಟಿಸಿದಿರಿ, ನನ್ನ ಕೊರಳಿಗೆ ತಾಳಿಯೂ ಬಿತ್ತು. ಆ ಕುಂಕುಮದ ಕಥೆ ಹೇಳಿ ನಮ್ಮ ಮನೆಯಲ್ಲಿ ಇವತ್ತಿಗೂ ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನನಗೆ ಹೇಳಬೇಕಾದದ್ದು ಬೇರೆ. ಸಂಬಂಧ ಒಂದು ಮುರಿಯಿತು, ಇನ್ನೊಂದು ಕೂಡಿತು. ಅದಕ್ಕೆಲ್ಲ ಹಿರಿಯರನ್ನು ಕೇಳಿದರು, ಪಂಚಾಂಗ ಕೇಳಿದರು, ಕೊನೆಗೆ ಹಲ್ಲಿಯನ್ನೂ ಕೇಳಿದರು. ನನ್ನನ್ನು ಕೇಳಿದವರು ನೀವೊಬ್ಬರೇ. ಈ ಮದುವೆ ನನಗೆ ಬೇಕಿತ್ತೆಂದು ನನಗೂ ಗೊತ್ತಾದದ್ದು, ನಿಮಗೆ ಉತ್ತರ ಕೊಟ್ಟಾಗಲೇ.

ಮನೆಯವರ ಕೈಯ ಬಿಸಿ ರೊಟ್ಟಿ ಇನ್ನಾದರೂ ಹೊತ್ತಿಗೆ ಸರಿಯಾಗಿ ನಿಮಗೆ ಸಿಗಲಿ. ನೂರು ಕಾಲ ಚೆನ್ನಾಗಿರಿ.

ನಿಮ್ಮ ಗಾಡಿಯಲ್ಲಿ ಬಂದವಳು, ವಾಪಸ್ ಹೋಗದೆ ಉಳಿದವಳು,
ಹೊನ್ನಕ್ಕ