ಆಧಾರ್ ಕೌಂಟರಿನಲ್ಲಿ ಚಂಡಮಾರ್ತಾಂಡ

ಪಿರಿಯಾಪಟ್ಟಣ
೧೬ ಆಗಸ್ಟ್ ೨೦೨೪, ಶುಕ್ರವಾರ

ನನ್ನ ಸೈಡ್‌ವಿಂಗಿನ ಗೆಳತಿ ಸುಕನ್ಯಾ,

ಬಂತು! ಬಂತು ಕಣೇ, ಬಂತು!

ಇವತ್ತು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದಾಗ ಫೋನು ಟಿಣ್ ಎಂದಿತು. ಒದ್ದೆ ಕೈಯಲ್ಲೇ ಎತ್ತಿ ನೋಡಿದರೆ ಬ್ಯಾಂಕಿನ ಮೆಸೇಜು. ಯುಗಾದಿಗೂ ಮೊದಲೇ ನಿಂತುಹೋಗಿದ್ದ ನನ್ನ ಮಗಳು ಮಹೆಕಳ ಮಾಸಾಶನ ಮತ್ತೆ ಅವಳ ಖಾತೆಗೆ ಬಂದು ಬಿದ್ದಿದೆ! ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ಚಿಕ್ಕಬೀರಮ್ಮ ಕೋಲು ಹಿಡಿದುಕೊಂಡೇ ಓಡಿ ಬಂದರು. "ಏನವ್ವಾ ಆತಿಕಾ, ಆವು ಗೀವು ಬಂತಾ?" ಅಂದರು. "ಹಾವಲ್ಲ ಚಿಕ್ಕಬೀರಕ್ಕಾ, ಸರ್ಕಾರ ಬಂತು!" ಅಂದೆ. "ಅಂಗಾದ್ರೆ ಕೋಲು ಕೈಲೇ ಇರ್ಲಿ ಬುಡು" ಅಂದರು ಪುಣ್ಯಾತ್ಗಿತ್ತಿ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಆಗದು! ಫೋನಿನಲ್ಲಿ ನೀನು ಮಾತು ಮಾತಿಗೂ 'ಆಮೇಲೆ? ಆಮೇಲೆ?' ಎಂದು ನುಗ್ಗಿ ನನ್ನ ಸೀನೆಲ್ಲ ಹಾಳು ಮಾಡುತ್ತೀಯ. ಇದಕ್ಕೆ ಪರದೆ ಬೇಕು, ಲೈಟು ಬೇಕು, ನಿಮ್ಮಪ್ಪನ ಹಾರ್ಮೋನಿಯಂ ಬೇಕು. ಅದಕ್ಕೇ ಕಾಗದ. ಸರಗೂರಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ಜೋರಾಗಿ ಓದು. ಮನಸ್ಸಿನಲ್ಲೇ ಓದಿಕೊಂಡರೆ ನನ್ನಾಣೆ!

ಮೊದಲು ನಾಂದಿ. ನಮ್ಮಿಬ್ಬರ ಬಾಲ್ಯ ನಿನಗೆ ಹೇಳಬೇಕಿಲ್ಲ, ಆದರೂ ಹೇಳದೆ ಬಿಡಲಾರೆ. ನಮ್ಮಪ್ಪ ಊರೂರಿನ ನಾಟಕಗಳಿಗೆ ಸೀನರಿ, ಕಿರೀಟ, ಗದೆ ಬಾಡಿಗೆಗೆ ಒಯ್ಯುತ್ತಿದ್ದರು. ನಿಮ್ಮಪ್ಪ ವೀರಭದ್ರಸ್ವಾಮಿ ಮೇಷ್ಟ್ರು ಪೇಟಿಯ ಮುಂದೆ. ನಾವಿಬ್ಬರು ಡ್ರೆಸ್ಸಿನ ಟ್ರಂಕಿನ ಮೇಲೆ ಕೂತು ಸೈಡ್‌ವಿಂಗಿನ ಸಂದಿಯಿಂದ ಕಣ್ಣು ಕೀಳದೆ ನೋಡುತ್ತಿದ್ದೆವು. ಹಾರನಹಳ್ಳಿಯ ನೀಲಕಂಠಸ್ವಾಮಿ ಮೇಷ್ಟ್ರು ತಾವೇ ಬರೆದು ವರ್ಷವರ್ಷವೂ ಆಡಿಸುತ್ತಿದ್ದ 'ಚಂಡಮಾರ್ತಾಂಡನ ಗರ್ವಭಂಗ' ನಮಗೆ ಪೂರ್ತಿ ಬಾಯಿಪಾಠ. ಹೋಬಳಿ ದಾಟಿದರೆ ಆ ನಾಟಕದ ಹೆಸರು ಕೇಳಿದವರಿಲ್ಲ. ಹೋಬಳಿಯೊಳಗೆ ಆ ರಾಜನ ಅಬ್ಬರಕ್ಕೆ ತೊಟ್ಟಿಲ ಕೂಸೂ ಅಳು ನಿಲ್ಲಿಸುತ್ತಿತ್ತು. ನೀನು ಮಂತ್ರಿ, ನಾನು ಚಂಡಮಾರ್ತಾಂಡ, ಗದೆ ನನಗಿಂತ ಉದ್ದ! ಆದರೆ ನಮ್ಮ ಅಬ್ಬರವೆಲ್ಲ ಟ್ರಂಕಿನ ಹಿಂದೆ. ಜನರ ಮುಂದೆ ನಿಂತು ಒಂದು ಮಾತನ್ನೂ ನಾನು ಆಡಿದವಳಲ್ಲ.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಟ್ರಂಕಿನ ಹಿಂದಿನದೂ ಬಂದ್. ಮಾವ ಸರ್ದಾರ್ ಪಾಷಾ ಬಡಗಿ. ಅವರು ಮಾಡಿದ ಬಾಗಿಲು ಮುಚ್ಚಿದರೆ ಗಾಳಿಯೂ ಕೇಳಿಕೊಂಡು ಒಳಗೆ ಬರಬೇಕು. ಅವರ ಬಾಯಿಯೂ ಹಾಗೆಯೇ. ಬಂದ ಹೊಸದರಲ್ಲಿ ಪಾತ್ರೆ ತೊಳೆಯುತ್ತ ನಾಟಕದ ಒಂದು ಮಟ್ಟು ಗುನುಗಿದ್ದಕ್ಕೆ, "ಬಹೂ, ನಿಮ್ಮ ತಂದೆಯ ಟ್ರಂಕು ತಂದೆಯ ಮನೆಯಲ್ಲೇ ಇರಲಿ" ಎಂದುಬಿಟ್ಟರು. ಅವರು ಮನೆಯಲ್ಲಿ ಆಡುವುದು ಉರ್ದು, ನಿನಗಾಗಿ ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಅವರ ಕನ್ನಡವೇನಿದ್ದರೂ ಗಿರಾಕಿಗಳ ಜೊತೆ 'ಏನ್ರೀ, ನಾಳೆ ಬರ್ರೀ' ಅನ್ನುವಷ್ಟು.

ಈಗ ನಾಯಕಿಯ ಪ್ರವೇಶ! ನೀನು ನೋಡಿದ್ದಾಗ ಮಡಿಲ ಕೂಸಾಗಿದ್ದ ಮಹೆಕ್ ಈಗ ಏಳು ವರ್ಷದ ರಾಣಿ. ಕೈಕಾಲು ಅವಳ ಮಾತು ಕೇಳುವುದಿಲ್ಲ, ಬೆರಳುಗಳು ಮುಷ್ಟಿ ಬಿಡುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಮಾತೂ ಇಲ್ಲ. ಆದರೆ ಕಿವಿ? ಕುಶಾಲನಗರದಿಂದ ಬರುವ ನಮ್ಮವರ ಬೈಕು ಬೀದಿಯ ತುದಿಯಲ್ಲಿ ತಿರುಗಿದರೆ ಇಲ್ಲಿ ಇವಳ ಮುಖ ಅರಳಿರುತ್ತದೆ!

ಮಾಸಾಶನಕ್ಕೆ ಅರ್ಜಿ ಹಾಕು ಎಂದು ನನ್ನ ಬೆನ್ನು ಹತ್ತಿದವಳು ನೀನೇ. ನಿನ್ನ ಚೇತನ್‌ಕುಮಾರನಿಗೆ ಕಿವಿ ಕೇಳದು ಎಂದು ಗೊತ್ತಾದ ಮೇಲೆ ಕಚೇರಿಗಳ ಮೆಟ್ಟಿಲು ಹತ್ತಿಳಿದು ಪಂಡಿತೆಯಾಗಿದ್ದೆಯಲ್ಲ. "ಭಿಕ್ಷೆ ಅಲ್ಲ ಕಣೇ, ಮಗೀನ ಪಾಲು" ಅಂದೆ. ಹಾಕಿದೆ, ಬಂತು. ಮಾವ ಮುಖ ತಿರುಗಿಸಿದರು. ಉಳಿ ಹಿಡಿಯುವ ಕೈ ಮನೆಯಲ್ಲಿರುವಾಗ ಮೊಮ್ಮಗಳಿಗೆ ಸರ್ಕಾರದ ದಾನ, ಖೈರಾತ್ ಯಾಕೆ ಎಂದು ಅವರ ರೋಷ. ಅತ್ತೆ ಅಜ್ಮತುನ್ನೀಸಾ ಅವರದು ಇನ್ನೊಂದು ರಾಗ: ಬಂದದ್ದು ಬಂತು, ಈ ತಿಂಗಳು ಸಿಲಿಂಡರಿಗೆ ಕೊಡು, ಮುಂದಿನ ತಿಂಗಳು ನೋಡೋಣ. ನಾನು ಇಬ್ಬರ ನಡುವೆ ಗಡಿಕಲ್ಲಾಗಿ ನಿಂತೆ. ಮಹೆಕಳ ದುಡ್ಡು ಮಹೆಕಳ ಮೈಗೆ! ಸಿಲಿಂಡರಿಗಿಲ್ಲ, ಹಬ್ಬಕ್ಕಿಲ್ಲ, ನೆಂಟರ ಬಿರಿಯಾನಿಗಿಲ್ಲ! ಅದು ಹೋಗುತ್ತಿದ್ದದ್ದು ಒಂದೇ ಕಡೆ: ವಾರವಾರವೂ ಹುಣಸೂರಿಗೆ, ಕೈಕಾಲಿಗೆ ಕಸರತ್ತು ಮಾಡಿಸುವ ಸುನಂದಮ್ಮನವರ ಹತ್ತಿರಕ್ಕೆ. ಬಸ್ಸಿನ ಕುಲುಕಾಟಕ್ಕೆ ಅವಳ ಬೆನ್ನು ತಡೆಯದು, ಆಟೋವೇ ಆಗಬೇಕು. ಆ ಸುನಂದಮ್ಮನವರ ಕೈಯಲ್ಲಿ ನನ್ನ ಮಗಳ ಎಡ ಮುಷ್ಟಿ ಮೊದಲ ಸಲ ಬಿಚ್ಚಿಕೊಂಡಿತು ಸುಕನ್ಯಾ. ಒಂದು ಬಿಸ್ಕತ್ತು ಹಿಡಿದು ತಾನೇ ಬಾಯಿಗಿಟ್ಟುಕೊಂಡಳು. ಅರ್ಧ ಮೂಗಿಗೆ ಹೋಯಿತು. ಹೋಗಲಿ! ಅವಳ ಬಿಸ್ಕತ್ತು, ಅವಳ ಮೂಗು!

ಆಗ ಬಂದ ನೋಡು ಖಳನಾಯಕ! ದುಡ್ಡು ನಿಂತಿತು. ಕೇಳಿದರೆ, ಐದು ವರ್ಷ ದಾಟಿದ ಮಕ್ಕಳು ಆಧಾರಿಗೆ ಬೆರಳಚ್ಚು, ಕಣ್ಣಿನ ಗುರುತು ಎರಡನ್ನೂ ಕೊಡಬೇಕಂತೆ. ಕೊಡುವವರೆಗೆ ಅವಳ ಖಾತೆಗೆ ಏನೂ ಇಳಿಯದಂತೆ. ಮಾವ, "ಒಳ್ಳೆಯದೇ ಆಯಿತು, ಆ ಆಧಾರ್ ಕಚೇರಿಯ ಹೊಸ್ತಿಲು ನಾನಂತೂ ತುಳಿಯುವುದಿಲ್ಲ" ಎಂದು ಗರಗಸ ಎತ್ತಿಕೊಂಡು ಅಂಗಳಕ್ಕೆ ಹೋಗಿ ಹಲಗೆ ಕೊಯ್ಯತೊಡಗಿದರು. ನಮ್ಮವರ ಸಂಬಳ ಮನೆ ನಡೆಸಿದರೆ ಹೆಚ್ಚು. ಹುಣಸೂರು ನಿಂತಿತು. ಬಿಚ್ಚಿದ ಮುಷ್ಟಿ ನನ್ನ ಕಣ್ಣೆದುರೇ ಮತ್ತೆ ಬಿಗಿದುಕೊಳ್ಳತೊಡಗಿತು. ಬಿಸ್ಕತ್ತು ಕೊಟ್ಟರೆ ಅದನ್ನು ನೋಡುವಳು, ತನ್ನ ಕೈಯನ್ನು ನೋಡುವಳು, ನನ್ನನ್ನು ನೋಡುವಳು.

ಬಕ್ರೀದ್ ಮುಗಿದ ಕೂಡಲೇ ಅವಳನ್ನು ಆಧಾರ್ ಕೌಂಟರಿಗೆ ಎತ್ತಿಕೊಂಡು ಹೋದೆ. ಹಬ್ಬಕ್ಕೆಂದು ಅತ್ತೆ ಮೊಮ್ಮಗಳ ಬೆರಳುಗಳ ತುದಿಗೆಲ್ಲ ಟೋಪಿ ಹಾಕಿದ ಹಾಗೆ ಮೆಹಂದಿ ಮೆತ್ತಿದ್ದರು. ಮೆಷಿನ್ನು ಒಂದು ಬೆರಳನ್ನೂ ಒಪ್ಪಲಿಲ್ಲ. ಕೌಂಟರಿನ ಹುಡುಗಿ ಶೃತಿ, "ಅಕ್ಕಾ, ಈ ಬಣ್ಣ ಹೋದ್ಮೇಲೆ ಬನ್ನಿ" ಎಂದಳು. ಬಣ್ಣ ಹೋದ ಮೇಲೆ ಹೊರಟರೆ, ನಾನು ಬುರ್ಖಾ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಫೋಟೋಗೆ ಕಣ್ಣು ಕಾಣಬೇಡವೇ ಎಂದು ಅವಳಿಗೆ ಸುರ್ಮಾ ಎಳೆದಿದ್ದರು. ಉರಿಗೆ ಕಣ್ಣೀರು ಕೋಡಿ, ಕೆನ್ನೆಯೆಲ್ಲ ಕಪ್ಪು, ಕಣ್ಣು ಭದ್ರವಾಗಿ ಬಂದ್! "ಇದೇನ್ ಮದ್ವೆನಾ ಅಕ್ಕಾ? ಮುಂದಿನ್ ಸಲ ಶೃಂಗಾರ ಇಲ್ದಂಗೆ ಕರ್ಕೊಂಡ್ ಬನ್ನಿ" ಎಂದು ಶೃತಿ ತಾನೇ ಕರ್ಚೀಫಿನಿಂದ ಮಗುವಿನ ಮುಖ ಒರೆಸಿ ಕಳಿಸಿದಳು.

ಮುಂದಿನ ಸಲ ಅತ್ತೆಯ ಕೈಗೆ ಸಿಗದ ಹಾಗೆ ಮಗುವನ್ನು ಎತ್ತಿಕೊಂಡು ಓಡಿದೆ. ಜುಲೈ ತಿಂಗಳ ಒಂದು ಸೋಮವಾರ. ಕೌಂಟರಿನ ಮುಂದೆ ಸಾಲೋ ಸಾಲು. ಶೃತಿ ನಿಧಾನಕ್ಕೆ ಒಂದೊಂದೇ ಬೆರಳು ಬಿಡಿಸಿ ಅಚ್ಚು ತೆಗೆದುಕೊಂಡಳು. ಉಳಿದದ್ದು ಕಣ್ಣು. ದುರ್ಬೀನಿನಂಥ ಯಂತ್ರ ಮುಖದ ಹತ್ತಿರ ಬಂದದ್ದೇ ತಡ, ಮಹೆಕ್ ಕಣ್ಣು ಮುಚ್ಚಿ ಕತ್ತು ತಿರುಗಿಸಿಬಿಟ್ಟಳು. ಈ ಕಡೆ ಹಿಡಿದರೆ ಆ ಕಡೆ, ಆ ಕಡೆ ಹಿಡಿದರೆ ಈ ಕಡೆ. ಮುದ್ದು ಮಾಡಿದೆ, ಬೇಡಿದೆ, ಬಿಸ್ಕತ್ತು ತೋರಿಸಿದೆ. ಹಿಂದಿನಿಂದ ಒಬ್ಬ, "ಏನಮ್ಮೋ, ನಮ್ಗೂ ಹೊಗೆಸೊಪ್ಪಿನ್ ಕೆಲ್ಸ ಐತೆ, ಇನ್ನೊಂದಿನ ಬಾರಮ್ಮ" ಎಂದು ಗೊಣಗಿದ. ಅವನ ಹಿಂದಿದ್ದ ಅಜ್ಜಿ, "ನಿನ್ ಮಗ್ಳಾಗಿದ್ರೆ ಅಂಗಂತಿದ್ಯಾ? ಸುಮ್ಕೆ ನಿಂತ್ಕೊಳ್ಳಲಾ" ಎಂದು ಬಾಯಿ ಮುಚ್ಚಿಸಿತು. ಆದರೆ ಶೃತಿಯೂ ಗಡಿಯಾರ ನೋಡತೊಡಗಿದ್ದಳು.

ಇಲ್ಲಿ ಒಂದು ಗುಟ್ಟು. ಮಾವ ಕೆಲಸದ ಮೇಲೆ ಹೊರಗೆ ಹೋದಾಗಲೆಲ್ಲ ನಾನು ಮಹೆಕಳ ಕಿವಿಯಲ್ಲಿ ಚಂಡಮಾರ್ತಾಂಡನ ಮಾತುಗಳನ್ನು ಪಿಸುಗುಟ್ಟುತ್ತಿದ್ದೆ. ಕೇಳಿದ ಕೂಡಲೇ ಅವಳ ಕತ್ತು ನಿಲ್ಲುತ್ತಿತ್ತು, ಕಣ್ಣು ದೀಪದ ಹಾಗೆ ತೆರೆಯುತ್ತಿತ್ತು. ಆದರೆ ಆ ಗದ್ದಲದಲ್ಲಿ ಪಿಸುಮಾತು ಎಲ್ಲಿ ಕೇಳಬೇಕು? ಅಬ್ಬರಿಸಬೇಕು. ಅಷ್ಟು ಜನರ ಮುಂದೆ. ನಾನು. ಸರ್ದಾರ್ ಪಾಷಾರ ಸೊಸೆ!

ಮಗಳ ಬಿಗಿದ ಮುಷ್ಟಿ ನೋಡಿದೆ. ಮುಖದ ನಕಾಬು ಎತ್ತಿ ಹಿಂದಕ್ಕೆ ಹಾಕಿದೆ. ಪರದೆ ಎದ್ದಿತು ಸುಕನ್ಯಾ, ಪರದೆ ಎದ್ದಿತು!

"ಎಲೈ ಕೋಟೆಯ ಕದವೇ! ಯಾರ ಅಪ್ಪಣೆಯಿಂದ ಮುಚ್ಚಿರುವೆ? ನನ್ನ ಹೆಜ್ಜೆಯ ಸದ್ದಿಗೆ ಎಂಟು ದಿಕ್ಕುಗಳೂ ದಾರಿ ಬಿಡುವಾಗ ನಿನಗೇಕೆ ಈ ಹಟ?"

ಗದ್ದಲ ಅಡಗಿಹೋಯಿತು. ಪಕ್ಕದ ಕೌಂಟರಿನ ಟೈಪು ನಿಂತಿತು. ಮಹೆಕಳ ಕತ್ತು ನಿಂತಿತು! ಒಂದು ಕಣ್ಣು ತೆರೆಯಿತು. ಶೃತಿ ಯಂತ್ರ ಹಿಡಿದು, "ಅಕ್ಕಾ, ನಿಲ್ಲಿಸ್ಬೇಡಿ! ಇನ್ನೊಂದ್ ಕಣ್ಣು, ಇನ್ನೊಂದ್ ಕಣ್ಣು!" ಎಂದು ಕೂಗಿದಳು.

"ತೆರೆ! ಸೂರ್ಯನಿಗೆ ಚಿಲಕವಿಲ್ಲ! ಸಿಡಿಲಿಗೆ ಅಗುಳಿಯಿಲ್ಲ!..."

ಮುಂದೆ? ಮುಂದೆ ಏನೇ? ನಿದ್ದೆಯಲ್ಲೂ ಹೇಳುವ ಮಾತು ನಾಲಿಗೆಯಿಂದ ಹಾರಿಹೋಗಿತ್ತು. ಮಹೆಕಳ ರೆಪ್ಪೆ ಮೆಲ್ಲಗೆ ಇಳಿಯತೊಡಗಿತು. ಅಷ್ಟರಲ್ಲಿ, ಹಿಂದೆ, ಬಾಗಿಲಿನ ಕಡೆಯಿಂದ ಒಂದು ಗಂಡು ಧ್ವನಿ, ತಗ್ಗಿನಲ್ಲಿ, ಪ್ರಾಂಪ್ಟು ಕೊಡುವವರ ಹಾಗೆ:

"ಚಂಡಮಾರ್ತಾಂಡ ಕಾಯುವವನಲ್ಲ, ಕಾಯಿಸುವವನು..."

"ಚಂಡಮಾರ್ತಾಂಡ ಕಾಯುವವನಲ್ಲ, ಕಾಯಿಸುವವನು!" ಎಂದು ಗುಡುಗಿದೆ. ಎರಡೂ ಕಣ್ಣು ಅಗಲವಾಗಿ ತೆರೆದು ಮಹೆಕ್ ಕಿಲಕಿಲ ನಕ್ಕಳು. ಯಂತ್ರ ಕುಂಯ್ ಎಂದಿತು. "ಬಂತು! ಎರಡೂ ಬಂತು!" ಎಂದು ಶೃತಿ ಕುರ್ಚಿ ಬಿಟ್ಟು ಎದ್ದು ಚಪ್ಪಾಳೆ ತಟ್ಟಿದಳು. ಸಾಲೆಲ್ಲ ತಟ್ಟಿತು. ಗೊಣಗಿದ್ದವನು ಮೊಬೈಲು ಹಿಡಿದು, "ಇನ್ನೊಂದ್ಸಲ ಯೋಳಮ್ಮೋ, ವಿಡಿಯೋ ಮಾಡ್ಕತೀನಿ" ಎಂದ. ಅಜ್ಜಿ, "ಟಿಕೇಟ್ ತಗಂಡ್ ಬಾರ್ಲಾ" ಎಂದಿತು.

ನಾನು ತಿರುಗಿ ನೋಡುವಷ್ಟರಲ್ಲಿ ಬಾಗಿಲು ಬರಿದು. ಹೊಸ್ತಿಲ ಪಕ್ಕದಲ್ಲಿ ಮಹೆಕಳ ನೀರಿನ ಬಾಟಲಿ ಇತ್ತು. ಓಡುವ ಅವಸರದಲ್ಲಿ ಮನೆಯಲ್ಲೇ ಮರೆತಿದ್ದೆ. ಅತ್ತೆ ಯಾರ ಕೈಯಲ್ಲೋ ಕಳಿಸಿರಬೇಕು ಎಂದುಕೊಂಡೆ. ನಾಟಕದ ಸುದ್ದಿ ಮನೆಗೆ ಮುಟ್ಟಿದರೆ ಗತಿಯೇನು ಎಂಬ ಹೆದರಿಕೆಯಲ್ಲಿ ಹೆಚ್ಚು ಕೇಳಲೂ ಇಲ್ಲ. ದುಡ್ಡು ಬರುವವರೆಗೆ ನಿನಗೂ ಹೇಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ಕೊನೆಯ ದೃಶ್ಯ ಮುಗಿಯದೆ ಚಪ್ಪಾಳೆ ಕೇಳುವವಳಲ್ಲ ನಾನು.

ಇವತ್ತು ಮುಗಿಯಿತು! ನಾಳೆ ಹುಣಸೂರಿಗೆ. ಆಟೋಗೆ ಹೇಳಿದ್ದೇನೆ, ಸುನಂದಮ್ಮನವರಿಗೂ ಹೇಳಿದ್ದೇನೆ, ಬ್ಯಾಗಿನಲ್ಲಿ ಬಿಸ್ಕತ್ತಿನ ಪೊಟ್ಟಣ ತಯಾರಾಗಿದೆ. ನಿನ್ನ ಚೇತನ್‌ಕುಮಾರನಿಗೆ ಆತಿಕಾ ಚಿಕ್ಕಮ್ಮನ ಮುದ್ದು. ಈ ಕಾಗದವನ್ನು ಅವನ ಮುಂದೆ ಕೈಬಾಯಿ ಆಡಿಸಿ ಅಭಿನಯಿಸಿ ತೋರಿಸು. ನೀನು ಮಂತ್ರಿಯ ಪಾರ್ಟಿನವಳು, ನನ್ನಷ್ಟು ಬಾರದು, ಆದರೂ ಪ್ರಯತ್ನಿಸು.

ಗಂಟಲು ಕಟ್ಟಿದ, ಕಿರೀಟವಿಲ್ಲದ ನಿನ್ನ ರಾಜ,
ಆತಿಕಾ

ತಾ.ಕ.: ಆ ಧ್ವನಿ ಯಾರದೆಂದು ಒದ್ದಾಡುತ್ತಿದ್ದೀಯ ತಾನೇ? ಇವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಮೆಸೇಜು ಬಂದದ್ದನ್ನು ಹೇಳಲು ಮಹೆಕಳನ್ನು ಎತ್ತಿಕೊಂಡು, ಖೈರಾತಿನ ಮಾತಿಗೆ ಎದೆ ಗಟ್ಟಿ ಮಾಡಿಕೊಂಡು, ಮಾವನ ಮುಂದೆ ನಿಂತೆ. ಅವರು ಉಜ್ಜುತ್ತಿದ್ದ ಮಂಚದ ಕಾಲನ್ನು ಎತ್ತಿ ಗದೆಯಂತೆ ಹೆಗಲಿಗಿಟ್ಟುಕೊಂಡರು. "ಎಲೈ ಕೋಟೆಯ ಕದವೇ!" ಎಂದರು. ಅಚ್ಚ ಕನ್ನಡ ಸುಕನ್ಯಾ, ಒಂದಕ್ಷರ ತಪ್ಪಿಲ್ಲ! ಮಹೆಕ್ ಕೇಕೆ ಹಾಕಿದಳು. ಅತ್ತೆ ಸೌಟು ಹಿಡಿದು ಕಲ್ಲಾಗಿ ನಿಂತರು. ನಮ್ಮಪ್ಪನ ಸೀನರಿಗೆ ರಂಗದ ಅಟ್ಟ ಕಟ್ಟಿಕೊಡುತ್ತಿದ್ದ ಹುಡುಗ ಬಡಗಿ ಇವರೇ ಅಂತೆ! ಅಟ್ಟದ ಕೆಳಗೆ ಅವಿತು ಕೂತು ನಾಟಕವೆಲ್ಲ ಕಲಿತಿದ್ದರಂತೆ. ಅವರ ತಂದೆ ಅಲ್ಲಿಂದ ಕಿವಿ ಹಿಡಿದು ಎಳೆದುಕೊಂಡು ಹೋದದ್ದೇ ಕೊನೆಯಂತೆ. ಮತ್ತೆ ಬಾಟಲಿ? "ತಂದುಕೊಟ್ಟೆ. ಹೊಸ್ತಿಲು ತುಳಿದಿಲ್ಲ, ಈಚೆಗೇ ನಿಂತಿದ್ದೆ" ಎಂದು ವಾದ. ಜೊತೆಗೆ ನನಗೆ ಬೈಗುಳ ಬೇರೆ: ಅಗುಳಿ ಎಂದ ಮೇಲೆ ಒಂದು ಉಸಿರು ಬಿಡಬೇಕು ಬಹೂ, ನುಂಗಿದೆ, ಅದಕ್ಕೇ ಮರೆತೆ!

ಅತ್ತೆ ಇದೇ ಸಮಯವೆಂದು, ಈ ತಿಂಗಳಾದರೂ ಸಿಲಿಂಡರಿಗೆ ಎಂದು ಶುರು ಮಾಡಿದರು. ಮಾವ ಮಂಚದ ಕಾಲನ್ನು ಅಡ್ಡ ಹಿಡಿದು, "ಕೈ ಹಾಕಬೇಡ. ಅದು ಖೈರಾತಲ್ಲ, ಕಲಾವಿದೆಯ ಸಂಭಾವನೆ. ಸಿಲಿಂಡರು ನಾನು ತರುತ್ತೇನೆ" ಎಂದರು.

ಈಗ ಸಂಜೆಯಾಗಿದೆ. ಸಿಲಿಂಡರು ಇನ್ನೂ ಬಂದಿಲ್ಲ. ಅಂಗಳದಲ್ಲಿ ಮಹೆಕಳ ಮುಂದೆ ಮಾವನ ಎರಡನೇ ಅಂಕ ನಡೆಯುತ್ತಿದೆ.