ಎಡಗೈಗೆ ಒಪ್ಪಿದ ನಿಬ್ಬು

ಅಪ್ಪಾ,

ನೀವು ತೀರಿಕೊಂಡ ಮೇಲೆ ಇವತ್ತು ಮೊದಲ ಸಲ ಒಂದು ಪೆನ್ನು ಕೊಂಡೆ. ಜಪಾನಿನದು, ತೀರಾ ಅಗ್ಗವಲ್ಲ, ಜಂಬಪಡುವಷ್ಟು ದುಬಾರಿಯೂ ಅಲ್ಲ. ಅಂಗಡಿಯಲ್ಲಿ ಮೊದಲು ತೋರಿಸಿದ ಪೆನ್ನಿನ ನಿಬ್ಬನ್ನು ನೀವು ಹೇಳಿಕೊಟ್ಟ ಹಾಗೆ ಬೆಳಕಿಗೆ ಹಿಡಿದು, ಸೀಳಿನ ಎರಡು ಬದಿಯೂ ಸಮವಾಗಿದೆಯೇ ಎಂದು ನೋಡಿದೆ. ಮುಚ್ಚಳ ಬಿಗಿಯಾಗಿತ್ತು. ಆಮೇಲೆ ಶಾಯಿಯಲ್ಲಿ ಅದ್ದಿ ಎಡಗೈಗೆ ತೆಗೆದುಕೊಂಡೆ.

"ಬಲಗೈಲಿ ಬರೆದು ನೋಡಿ ಮೇಡಂ," ಎಂದರು ಅಂಗಡಿಯವರು. "ಇಷ್ಟು ಸಣ್ಣ ನಿಬ್ಬನ್ನ ಎಡಗೈಲಿ ತಳ್ಳಿದ್ರೆ ಕಾಗದ ಕೆರೆಯುತ್ತೆ."

"ಕೆರೆದ್ರೆ ಬೇರೆ ಪೆನ್ನು ತೋರಿಸಿ. ಕೈ ಮಾತ್ರ ಇದೇ."

'ಬಲಗೈ ಬಂಗಾರ, ಎಡಗೈ ಅಂಗಾರ' ಎನ್ನುತ್ತ ನನ್ನ ಗೆಣ್ಣಿಗೆ ಅಡಿಕೋಲಿನಲ್ಲಿ ಬಾರಿಸುತ್ತಿದ್ದಿರಲ್ಲ? ಪ್ರಾಸ ಚೆನ್ನಾಗಿತ್ತು, ಪೆಟ್ಟು ಅದಕ್ಕಿಂತ ಚೆನ್ನಾಗಿತ್ತು.

ಮೊದಲ ಪೆನ್ನು ಕೆರೆಯಿತು. ತುಸು ದಪ್ಪ ನಿಬ್ಬಿನ ಇನ್ನೊಂದು ನನ್ನ ಕೈಯ ಓರೆಗೆ ಒಪ್ಪಿ ಸರಾಗವಾಗಿ ಓಡಿತು. ಪುಟ ತುಂಬ ಬರೆದೆ. ಅಕ್ಷರ ನಿಮ್ಮದರಂತೆ ದುಂಡಗಿಲ್ಲ, ಇರಬೇಕಾಗಿಯೂ ಇಲ್ಲ.

"ಪೆನ್ನು ಹೀಗೆ ನೋಡೋದು ಯಾರು ಕಲಿಸಿದ್ದು?" ಎಂದು ಕೇಳಿದರು ಅಂಗಡಿಯವರು.

"ಅಪ್ಪ."

"ಎಡಗೈಲಿ ಬರೆಯೋದೂ ಅವರೇನಾ?"

"ಅಲ್ಲ, ಅದು ನನ್ನ ಸ್ವಂತದ್ದು," ಎಂದೆ. "ಪೆಟ್ಟು ತಿಂದ ಮೇಲೆ ಕದ್ದು ಕಲಿತೆ, ಅವರಿಗೆ ಒಂದು ಸಲಾನೂ ತೋರಿಸಲಿಲ್ಲ."