ಮೊಸಳೆಯ ಹಿಂಗಾಲು

ಕುಳ್ಳ,

ಇದನ್ನು ಕಳಿಸುವುದಿಲ್ಲ, ಅದಕ್ಕೇ ಬರೆಯುವ ಧೈರ್ಯ ಬಂದಿದೆ. ಇವತ್ತಿನ ಮೆರವಣಿಗೆಯಲ್ಲಿ ನಮ್ಮ ರೆಕ್ಕೆಯ ಮೊಸಳೆ ಮತ್ತೆ ಬೀದಿಗಿಳಿಯಿತು. ಬಿದಿರು, ಕಾಗದ, ಹಳದಿ ಬಣ್ಣ ಎಲ್ಲ ಹೊಸದು. ಅದರೊಳಗೆ ಮುಂಗಾಲಿಗೆ, ನನ್ನ ಹಳೆಯ ಜಾಗಕ್ಕೆ, ನಿನ್ನ ತಂಗಿ ನಿಂತಳು. ನಾನು ನಿನ್ನ ಜಾಗಕ್ಕೆ, ಹಿಂಗಾಲಿಗೆ ಹೋದೆ.

ಹತ್ತು ವರ್ಷ ಅಲ್ಲಿ ಹೇಗಿದ್ದೆಯೋ ಮಾರಾಯ! ಏನೂ ಕಾಣುವುದಿಲ್ಲ. ಒಳಗೆ ಅಂಟಿನ ವಾಸನೆ, ಹೊರಗೆ ಜನರ ಕೇಕೆ. ಮುಂದಿರುವವರ ದನಿಯೇ ಕಣ್ಣು. "ಎಡಕ್ಕೆ... ನಿಧಾನ..." ಎನ್ನುತ್ತಾ ಅವಳು ನಡೆಸಿದಳು.

ಬ್ರೆಡ್ಡಿನ ವಾಸನೆ ಮೂಗಿಗೆ ಬಡಿದಾಗ ಬೇಕರಿ ತಿರುವು ಬಂತೆಂದು ಗೊತ್ತಾಯಿತು. ಅಲ್ಲಿನ ಗುಂಡಿಯನ್ನು ಇನ್ನೂ ಮುಚ್ಚಿಲ್ಲ. ಈ ಸಲವಾದರೂ ಮುಂಗಾಲು ನನಗೆ ಕೊಡು ಎಂದು ನೀನು ಜಗಳ ಆಡಿದ ದಿನವೇ ಅಲ್ಲಿ ಬಿದ್ದು ಮಂಡಿ ಮುರಿದುಕೊಂಡದ್ದು.

ಅಷ್ಟರಲ್ಲಿ ಅವಳ ದನಿ ನಿಂತುಹೋಯಿತು. ಕಾಲ್ಬೆರಳಲ್ಲಿ ನೆಲ ತಡವುತ್ತಾ ಒಂದೊಂದೇ ಹೆಜ್ಜೆ ಇಟ್ಟೆ.

"ಅಣ್ಣಾ, ಗುಂಡಿ. ಇನ್ನು ಎರಡೇ ಹೆಜ್ಜೆ. ಬಲಕ್ಕೆ ಬಾ," ಎಂದಳು, ಕೊನೆಗೂ.

ಮೆರವಣಿಗೆ ಮುಗಿದು ಹೊರಬಂದಾಗ ನೀರಿನ ಬಾಟಲಿ ಕೊಟ್ಟಳು. ಮುಖ ನೋಡಲಿಲ್ಲ.

"ಅವತ್ತು ಜನ ಅಡ್ಡ ಬಂದ್ರು, ಗುಂಡಿ ಕಾಣಲೇ ಇಲ್ಲ ಅಂದಿದ್ದೆಯಲ್ಲ ನೀನು? ಮುಂದೆ ನಿಂತ್ರೆ ಬೇಕರಿ ಬಾಗ್ಲಿಂದ್ಲೇ ಕಾಣುತ್ತೆ."

ನಾನು ಬಾಟಲಿ ಪೂರ್ತಿ ಖಾಲಿ ಮಾಡಿದೆ. ಬರುವ ವರ್ಷವೂ ಹಿಂಗಾಲಿಗೆ ನಾನೇ ನಿಲ್ಲುತ್ತೇನೆ ಎಂದೆ.

ಅವಳು ಕೇಳಿದ್ದು ಅದನ್ನಲ್ಲ.